ಅಲೆಯ ಲೆಕ್ಕ ಹಿಡಿದ ವಿಲಿಯಂ ಫ್ರೂಡ್

ಕಾರ್ಲೈಲನ ಜೀವನಚರಿತ್ರೆಯನ್ನು ಬರೆದ ಜೇಮ್ಸ್ ಆಂಟನಿ ಫ್ರೂಡನ ಹೆಸರು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆಕ್ಸ್‌ಫರ್ಡಿನ ಧಾರ್ಮಿಕ ಚಳುವಳಿಯ ಇತಿಹಾಸವನ್ನು ನೋಡಿದವರು ಆತನ ಹಿರಿಯಣ್ಣನಾದ ಹರೆಲ್ ಫ್ರೂಡನನ್ನೂ ಬಲ್ಲರು. ಇವರಿಬ್ಬರ ನಡುವೆ ಹುಟ್ಟಿದ ವಿಲಿಯಂ ಫ್ರೂಡನು ಮಾತ್ರ ನಮ್ಮ ಓದಿನಿಂದ ಆಚೆಯೇ ಉಳಿದುಬಿಟ್ಟಿದ್ದಾನೆ. ಅಣ್ಣತಮ್ಮಂದಿರ ಕೆಲಸವೆಲ್ಲ ಗ್ರಂಥಗಳಲ್ಲಿ ಉಳಿದಿದೆ. ಈತನ ಕೆಲಸ ಉಳಿದಿರುವುದು ಸಮುದ್ರದ ಮೇಲೆ. ಹಡಗು ಕಟ್ಟುವವರ ಲೋಕದಲ್ಲಿ ಇಂದಿಗೂ ದಿನಕ್ಕೊಮ್ಮೆಯಾದರೂ ಉಚ್ಚರಿತವಾಗುವ ಹೆಸರು ಈತನದೇ. ನಡುಗಡಲಿನಲ್ಲಿ ನಿಂತು ಎಣ್ಣೆಯ ಬಾವಿಯನ್ನು ಕೊರೆಯುವ, ಸಾವಿರಾರು ಟನ್ನಿನ ಭಾರವನ್ನು ಎತ್ತಿ ಇಳಿಸುವ ಇಂದಿನ ಅರೆಮುಳುಗು ನೌಕೆಗಳು ಬಿರುಗಾಳಿಯಲ್ಲಿಯೂ ಹೇಗೆ ಕದಲದೆ ನಿಲ್ಲುತ್ತವೆ ಎಂದು ಕೇಳಿದರೆ, ಉತ್ತರದ ಮೊದಲ ಅಕ್ಷರಗಳು ಈತನಿಂದಲೇ ಪ್ರಾರಂಭವಾಗಬೇಕು.

ವಿಲಿಯಮನು 1810ರ ನವೆಂಬರ್ 28ರಂದು ಇಂಗ್ಲೆಂಡಿನ ಡೆವನ್ ಪ್ರಾಂತದ ಡಾರ್ಟಿಂಗ್ಟನ್ ಎಂಬಲ್ಲಿ ಜನಿಸಿದನು. ತಂದೆ ಕ್ರೈಸ್ತ ಪುರೋಹಿತ, ಕಠಿನ ಸ್ವಭಾವದವನು. ತಾಯಿ ಬೇಗನೆ ತೀರಿಕೊಂಡಳು. ಮನೆಯಲ್ಲಿ ಆದೇಶವೆಲ್ಲ ತಂದೆಯದು; ಅವನ ಅನಂತರ ಮಾತು ನಡೆಯುತ್ತಿದ್ದುದು ಹಿರಿಯ ಮಗ ಹರೆಲನದು. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಹರೆಲನು ಅಧ್ಯಾಪಕನಾಗಿದ್ದಾಗ ವಿಲಿಯಮನು ಅಲ್ಲಿಯೇ ವಿದ್ಯಾರ್ಥಿಯಾದನು. 1832ರಲ್ಲಿ ಗಣಿತದಲ್ಲಿ ಪ್ರಥಮ ಶ್ರೇಣಿಯನ್ನು ಪಡೆದನು. ಹರೆಲನ ಆಪ್ತಮಿತ್ರನಾದ ಜಾನ್ ಹೆನ್ರಿ ನ್ಯೂಮನ್ನನೂ ಅದೇ ಕಾಲೇಜಿನವನು. ಅದೇ ವರ್ಷದ ಕೊನೆಯಲ್ಲಿ ಹರೆಲನೂ ಅವನ ತಂದೆಯೂ ನ್ಯೂಮನ್ನನೊಡನೆ ಮೆಡಿಟರೇನಿಯನ್ ಸಮುದ್ರಯಾನಕ್ಕೆ ಹೊರಟರು. ರೋಮಿನಲ್ಲಿ ಅವರನ್ನು ಬೀಳ್ಕೊಟ್ಟು ನ್ಯೂಮನ್ನನು ಒಬ್ಬನೇ ಸಿಸಿಲಿಗೆ ಹೋದನು. ಅಲ್ಲಿ ಜ್ವರದಲ್ಲಿ ಸಾಯುವಂತಾಗಿ, ಚೇತರಿಸಿಕೊಂಡು, ಹಿಂದಿರುಗುವಾಗ ಗಾಳಿಯಿಲ್ಲದೆ ನಿಂತುಹೋದ ಹಡಗಿನಲ್ಲಿ ಒಂದು ಪ್ರಾರ್ಥನಾಗೀತವನ್ನು ಬರೆದನು. ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಕನ್ನಡಕ್ಕೆ ತಂದ, ನಮ್ಮ ಶಾಲೆಗಳಲ್ಲಿ ಮಕ್ಕಳು ಹಾಡಿಕೊಂಡು ಬಂದಿರುವ ಬೆಳಕಿನ ಪ್ರಾರ್ಥನೆ ಅದೇ. ಈ ನ್ಯೂಮನ್ನನ ಸ್ನೇಹವು ವಿಲಿಯಮನ ಬಾಳಿನಲ್ಲಿ ಕೊನೆಯ ದಿನದವರೆಗೂ ಬಂದಿತು. ಆ ಸ್ನೇಹ ಹಿತವಾದದ್ದು, ಆದರೆ ಸುಲಭವಾದದ್ದಲ್ಲ.

ಓದು ಮುಗಿದ ಮೇಲೆ ವಿಲಿಯಮನು ಹಿಡಿದದ್ದು ರೈಲುಮಾರ್ಗದ ಕೆಲಸವನ್ನು. ಅದು ಇಂಗ್ಲೆಂಡಿನಲ್ಲಿ ರೈಲಿನ ಹುಚ್ಚು ಹರಡಿದ ಕಾಲ. ಮಹಾ ಶಿಲ್ಪಿಯಾದ ಇಸಂಬಾರ್ಡ್ ಬ್ರುನೆಲ್ಲನ ಕೈಕೆಳಗೆ ಬ್ರಿಸ್ಟಲ್–ಎಕ್ಸೆಟರ್ ಮಾರ್ಗದಲ್ಲಿ ಈತನು ದುಡಿದನು. ನೇರವಾದ ಹಳಿ ಥಟ್ಟನೆ ತಿರುವಿಗೆ ಕೂಡಿದರೆ ಗಾಡಿ ಕುಲುಕುತ್ತದೆ. ಆ ಕುಲುಕು ಇಲ್ಲದಂತೆ ನೇರದಿಂದ ತಿರುವಿಗೆ ಮೆಲ್ಲಮೆಲ್ಲನೆ ಸರಿಯುವ ವಕ್ರರೇಖೆಯೊಂದನ್ನು ಲೆಕ್ಕಹಾಕಿ ಕೊಟ್ಟನು. 1839ರಲ್ಲಿ ಕ್ಯಾಥರಿನ್ ಹೋಲ್ಡ್ಸ್‌ವರ್ತ್ ಎಂಬಾಕೆಯನ್ನು ಮದುವೆಯಾದನು. 1846ರಲ್ಲಿ ತಂದೆಯ ಆರೋಗ್ಯ ಕುಸಿಯಲು, ಇನ್ನೂ ಮೂವತ್ತಾರು ತುಂಬದ ಈ ಇಂಜಿನಿಯರು ಉದ್ಯೋಗವನ್ನು ಬಿಟ್ಟು ಊರಿಗೆ ಮರಳಿದನು. ಮುಂದಿನ ಹತ್ತು ವರ್ಷ ಈತನ ಹೆಸರು ಹೊರಗೆಲ್ಲೂ ಹೆಚ್ಚು ಕೇಳಿಬರಲಿಲ್ಲ. ಆಗ ಯಾರಾದರೂ ಈತನ ಚರಿತ್ರೆಯನ್ನು ಬರೆದಿದ್ದರೆ ಅರ್ಧ ಪುಟದಲ್ಲಿ ಮುಗಿದುಹೋಗುತ್ತಿತ್ತು.

ಹಳೆಯ ಯಜಮಾನ ಬ್ರುನೆಲ್ಲನು ಈತನನ್ನು ಮರೆತಿರಲಿಲ್ಲ. ಆತನು ಆಗ ‘ಗ್ರೇಟ್ ಈಸ್ಟರ್ನ್’ ಎಂಬ 692 ಅಡಿ ಉದ್ದದ ಕಬ್ಬಿಣದ ಹಡಗನ್ನು ಕಟ್ಟುತ್ತಿದ್ದನು. ಅಷ್ಟು ದೊಡ್ಡ ಹಡಗನ್ನು ಲೋಕ ಅದುವರೆಗೆ ಕಂಡಿರಲಿಲ್ಲ. ಅದು ಕಡಲಲೆಯಲ್ಲಿ ಹೇಗೆ ಓಲಾಡೀತೆಂಬುದನ್ನು ಹೇಳಬಲ್ಲವರೂ ಇರಲಿಲ್ಲ. 1857ರ ಸುಮಾರಿಗೆ ಈ ಪ್ರಶ್ನೆಯನ್ನು ಬ್ರುನೆಲ್ಲನು ಫ್ರೂಡನ ಮುಂದಿಟ್ಟನು. ಎರಡು ವರ್ಷಗಳಲ್ಲಿ ಕೇಳಿದವನು ತೀರಿಕೊಂಡನು. ಪ್ರಶ್ನೆ ಮಾತ್ರ ಫ್ರೂಡನ ಜೊತೆಯಲ್ಲಿ ಇಪ್ಪತ್ತು ವರ್ಷ ಬದುಕಿತು.

ಈ ಪ್ರಶ್ನೆಯ ಸ್ವಾರಸ್ಯವನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ನೋಡಬೇಕು. ನಿಂತ ನೀರಿನಲ್ಲಿ ಹಡಗು ಏಕೆ ಮಗುಚುವುದಿಲ್ಲವೆಂಬುದು ಫ್ರೂಡನಿಗಿಂತ ನೂರು ವರ್ಷ ಹಿಂದೆಯೇ ತಿಳಿದಿತ್ತು. ಹಡಗು ಒಂದು ಕಡೆಗೆ ಬಾಗಿದಾಗ ಆ ಕಡೆಯಲ್ಲಿ ಹೆಚ್ಚು ಭಾಗ ನೀರಿಗಿಳಿಯುತ್ತದೆ. ನೀರಿನ ಒತ್ತು ಅತ್ತ ಸರಿದು ಹಡಗನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ಹಡಗು ಅಗಲವಾದಷ್ಟೂ, ಭಾರವು ಕೆಳಗಿದ್ದಷ್ಟೂ ಈ ಶಕ್ತಿ ಹೆಚ್ಚು. ಫ್ರೆಂಚ್ ಪಂಡಿತನಾದ ಪಿಯರ್ ಬುಗೇರನು 1746ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇದನ್ನು ಸಾಧಿಸಿ ತೋರಿಸಿದ್ದನು. ಆದಕಾರಣ, ಹೆಚ್ಚು ಸ್ಥಿರವಾದ ಹಡಗೇ ಅಲೆಯಲ್ಲಿ ಹೆಚ್ಚು ನಿಶ್ಚಲವಾಗಿರತಕ್ಕದ್ದು ಎಂದು ಎಲ್ಲರೂ ಸಹಜವಾಗಿಯೇ ನಂಬಿದ್ದರು.

ಫ್ರೂಡನು ಕಂಡದ್ದು ಇದಕ್ಕೆ ವಿರುದ್ಧವಾದದ್ದನ್ನು. ಅಲೆಯ ಇಳಿಜಾರಿನ ಮೇಲಿರುವ ವಸ್ತುವಿಗೆ ‘ಕೆಳಗೆ’ ಎಂಬ ದಿಕ್ಕೇ ಬೇರೆ. ನೀರು ತಾನೂ ಚಲಿಸುತ್ತಿರುವುದರಿಂದ, ಅದರ ಮೇಲೆ ತೇಲುವ ಸಣ್ಣ ವಸ್ತುವು ಅಲೆಯ ಮೈಗೆ ಲಂಬವಾಗಿ ನಿಲ್ಲಲು ಹವಣಿಸುತ್ತದೆ. ಆಕಾಶಕ್ಕೆ ನೇರವಾಗಿ ಅಲ್ಲ. ಹರಿಗೋಲನ್ನು ನೆನೆಯೋಣ. ಅದು ಅಗಲ, ಚಪ್ಪಟೆ. ನಿಂತ ನೀರಿನಲ್ಲಿ ಅದರಷ್ಟು ಭದ್ರವಾದದ್ದು ಬೇರೆ ಇಲ್ಲ. ಆದರೆ ಅಲೆ ಎದ್ದರೆ ಅದು ಅಲೆಯ ಪ್ರತಿಯೊಂದು ಏರಿಳಿತಕ್ಕೂ ತಾನೂ ಓರೆಯಾಗುತ್ತದೆ. ನೀರಿನ ಮೈಯನ್ನು ಅದು ಬಿಗಿಯಾಗಿ ಹಿಡಿದಿರುವುದೇ ಇದಕ್ಕೆ ಕಾರಣ. ಹಾಗೆಯೇ, ಅತಿಯಾದ ಸ್ಥಿರತೆಯುಳ್ಳ ಹಡಗು ಅಲೆಯೊಡನೆ ಜಗ್ಗಿ ಜಗ್ಗಿ ಓಲಾಡಿ, ನಾವಿಕರನ್ನು ನಿಲ್ಲಗೊಡದೆ ಪಟಸ್ತಂಭಗಳನ್ನು ಮುರಿಯುವಷ್ಟು ಕುಲುಕುತ್ತದೆ.

ಇನ್ನೊಂದು ಮಾತು. ಪ್ರತಿಯೊಂದು ಹಡಗಿಗೂ ಓಲಾಡುವುದಕ್ಕೆ ತನ್ನದೇ ಆದ ಒಂದು ತಾಳವಿದೆ. ತೊಟ್ಟಿಲಿಗೆ ಇರುವ ಹಾಗೆ. ತೊಟ್ಟಿಲಿನ ತಾಳಕ್ಕೆ ಸರಿಯಾಗಿ ಒಂದು ಬೆರಳಿನಿಂದ ತಳ್ಳುತ್ತ ಬಂದರೂ ಅದು ದೊಡ್ಡದಾಗಿ ತೂಗುತ್ತದೆ. ತಾಳ ತಪ್ಪಿ ತಳ್ಳಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ. ಬರುವ ಅಲೆಗಳ ತಾಳಕ್ಕೂ ಹಡಗಿನ ತಾಳಕ್ಕೂ ಮೇಳವಾದರೆ ಸಣ್ಣ ಅಲೆಗಳೇ ಹಡಗನ್ನು ಅಪಾಯದಂಚಿಗೆ ಒಯ್ಯುತ್ತವೆ. ಆದ್ದರಿಂದ ಮಗುಚದಿರಲು ಬೇಕಾದಷ್ಟು ಸ್ಥಿರತೆಯನ್ನು ಇಟ್ಟು, ಅದಕ್ಕಿಂತ ಹೆಚ್ಚನ್ನು ತೆಗೆದುಹಾಕಿ, ಹಡಗಿನ ಓಲಾಟವನ್ನು ಅಲೆಗಳ ತಾಳಕ್ಕಿಂತ ನಿಧಾನಗೊಳಿಸಬೇಕು ಎಂದು ಫ್ರೂಡನು 1861ರಲ್ಲಿ ಲಂಡನ್ನಿನ ನೌಕಾಶಿಲ್ಪಿಗಳ ಸಭೆಯಲ್ಲಿ ಪ್ರಬಂಧವನ್ನು ಓದಿದನು. ಸ್ಥಿರತೆ ಬೇರೆ, ನಿಶ್ಚಲತೆ ಬೇರೆ ಎಂಬ ಈ ಭೇದವನ್ನು ಗಣಿತದಿಂದ ನಿಷ್ಕರ್ಷಿಸಿದವರಲ್ಲಿ ಈತನೇ ಮೊದಲಿಗನೆನ್ನಬೇಕು. ಸಭೆಯಲ್ಲಿ ಎಲ್ಲರೂ ತಲೆದೂಗಲಿಲ್ಲವೆಂಬುದನ್ನು ಹೇಳಬೇಕಾಗಿಯೇ ಇಲ್ಲ.

ಈ ತತ್ತ್ವವು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಅರೆಮುಳುಗು ನೌಕೆಯೇ ನಿದರ್ಶನ. 1960ರ ದಶಕದ ಆರಂಭದಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಇಂಥ ಮೊದಲ ನೌಕೆ ಎಣ್ಣೆಯ ಕೆಲಸಕ್ಕೆ ಇಳಿಯಿತು. ನೋಡಲು ಅದು ಹಡಗಿನಂತಿರುವುದಿಲ್ಲ. ನೀರಿನ ಆಳದಲ್ಲಿ ದೊಡ್ಡ ಟೊಳ್ಳು ಕೊಳವೆಗಳಂಥ ಎರಡು ತೇಲುಗಗಳು. ಅವುಗಳ ಮೇಲೆ ನಾಲ್ಕೋ ಆರೋ ಎಂಟೋ ಕಂಬಗಳು. ಕಂಬಗಳ ಮೇಲೆ, ಅಲೆಗೆ ಎಟುಕದ ಎತ್ತರದಲ್ಲಿ, ಕೆಲಸದ ಅಂಗಳ. ಅಲೆಯ ಚಲನೆ ನೀರಿನ ಮೇಲ್ಮೈಯಲ್ಲಿ ಹೆಚ್ಚು. ಕೆಳಗಿಳಿದಂತೆ ಬೇಗಬೇಗನೆ ಕುಂದುತ್ತದೆ. ಅಲೆಯ ಉದ್ದದ ಅರ್ಧದಷ್ಟು ಆಳಕ್ಕೆ ಹೋದರೆ ನೂರರಲ್ಲಿ ಸುಮಾರು ನಾಲ್ಕು ಪಾಲು ಮಾತ್ರ ಉಳಿದಿರುತ್ತದೆನ್ನಬಹುದು. ನೌಕೆಯನ್ನು ಹೊರುವ ತೇಲುಗಗಳು ಈ ಶಾಂತವಾದ ನೀರಿನ ಕಡೆಗೆ ಇಳಿದಿವೆ. ಅಲೆಗೆ ಸಿಕ್ಕುವುದು ಕಂಬಗಳಷ್ಟೆ. ಅಲೆ ಏರಿದಾಗ ಕಂಬ ಸ್ವಲ್ಪ ಹೆಚ್ಚು ಮುಳುಗುತ್ತದೆ, ಇಳಿದಾಗ ಸ್ವಲ್ಪ ಕಡಮೆ. ಅಷ್ಟರಿಂದ ಅಷ್ಟು ದೊಡ್ಡ ಭಾರ ಕದಲದು. ಬಿರುಗಾಳಿಯ ಅಲೆಗಳು ಸಾಮಾನ್ಯವಾಗಿ 10ರಿಂದ 15 ಸೆಕೆಂಡುಗಳಿಗೊಮ್ಮೆ ಬರುವುವು. ಈ ನೌಕೆ ಮೇಲೆ ಕೆಳಗೆ ತೂಗುವ ತಾಳ 20 ಸೆಕೆಂಡುಗಳಿಗೂ ಹೆಚ್ಚು. ತೊಟ್ಟಿಲನ್ನು ತಳ್ಳುವ ಕೈ ಯಾವಾಗಲೂ ತಾಳ ತಪ್ಪುತ್ತಿರುತ್ತದೆ.

ಆದರೆ ಇಲ್ಲಿ ಒಂದು ತೊಡಕಿದೆ. ನೀರಿನ ಮೈಯನ್ನು ನೌಕೆ ಕೊಯ್ಯುವ ಜಾಗ ಕಡಮೆಯಾದಷ್ಟೂ ನಿಶ್ಚಲತೆ ಹೆಚ್ಚು. ಮಗುಚದಂತೆ ಕಾಪಾಡುವ ಸ್ಥಿರತೆ ಮಾತ್ರ ಕಡಮೆ. ಇದಕ್ಕೆ ಪರಿಹಾರವೆಂದರೆ ಕಂಬಗಳನ್ನು ದೂರದೂರ ನಿಲ್ಲಿಸುವುದು. ಕಂಬವು ನಡುಗೆರೆಯಿಂದ ಎರಡರಷ್ಟು ದೂರವಾದರೆ ಅದು ಕೊಡುವ ಆಸರೆ ನಾಲ್ಕರಷ್ಟಾಗುತ್ತದೆ. ಮನುಷ್ಯನು ಕಾಲುಗಳನ್ನು ಅಗಲಿಸಿ ನಿಂತರೆ ಗಟ್ಟಿಯಾಗಿ ನಿಲ್ಲುವ ಹಾಗೆ. ಇಷ್ಟಾದರೂ ಅಂಗಳದ ಮೇಲೆ ಏರಿಸುವ ಪ್ರತಿಯೊಂದು ಟನ್ನಿಗೂ ಲೆಕ್ಕವಿರಬೇಕು. ತೇಲುಗಗಳೊಳಗಿನ ನೀರನ್ನು ಪಂಪುಗಳಿಂದ ಅತ್ತಿತ್ತ ಮಾಡಿ ಸರಿದೂಗಿಸುತ್ತಲೇ ಇರಬೇಕು. ಪ್ರಯಾಣದಲ್ಲಿ ತೇಲುಗಗಳ ಮೇಲೆ ಹಡಗಿನಂತೆ ತೇಲಿಬಂದ ನೌಕೆಯು ಕೆಲಸದ ಜಾಗದಲ್ಲಿ ನೀರು ತುಂಬಿಕೊಂಡು ಕೆಳಗಿಳಿಯುವಾಗ, ತೇಲುಗಗಳ ಬೆನ್ನು ನೀರಿನಡಿ ಸರಿಯುವ ಗಳಿಗೆಯಲ್ಲಿ ಸ್ಥಿರತೆ ಒಮ್ಮೆಲೇ ಇಳಿದುಬಿಡುತ್ತದೆ. ವಿನ್ಯಾಸಕಾರರು ಎಲ್ಲಕ್ಕಿಂತ ಹೆಚ್ಚಾಗಿ ಅಂಜುವ ಗಳಿಗೆಗಳಲ್ಲಿ ಅದೊಂದು. ಫ್ರೂಡನು ಇಂಥ ನೌಕೆಯನ್ನು ಕನಸಿನಲ್ಲಿಯೂ ಕಂಡಿರಲಿಕ್ಕಿಲ್ಲ. ಅದರ ಗುಣದೋಷಗಳನ್ನು ತೂಗುವ ತಕ್ಕಡಿ ಮಾತ್ರ ಆತನದು.

ಈಗ 1870ಕ್ಕೆ ಬರೋಣ. ಫ್ರೂಡನ ಬಾಳಿನಲ್ಲಿ ಇಷ್ಟು ತುಂಬಿದ ವರ್ಷ ಬೇರೊಂದಿಲ್ಲ. ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಕೂಪರ್ ಕೋಲ್ಸ್ ಎಂಬಾತನು ತಿರುಗುವ ಫಿರಂಗಿಗೂಡುಗಳುಳ್ಳ ಒಂದು ಯುದ್ಧನೌಕೆಯನ್ನು ಕಟ್ಟಿಸಿದ್ದನು. ಅದರ ಹೆಸರೂ ‘ಕ್ಯಾಪ್ಟನ್’. ನೌಕಾಖಾತೆಯ ಮುಖ್ಯ ಶಿಲ್ಪಿ ಎಡ್ವರ್ಡ್ ರೀಡನು ಅದನ್ನು ಒಪ್ಪಿರಲಿಲ್ಲ. ಆದರೆ ಪತ್ರಿಕೆಗಳೂ ಪಾರ್ಲಿಮೆಂಟೂ ಕೋಲ್ಸನ ಪಕ್ಷ. ನೀರಿನಿಂದ ಎಂಟು ಅಡಿ ಎತ್ತರದಲ್ಲಿರಬೇಕಾಗಿದ್ದ ಡೆಕ್ಕು, ಹಡಗು ಲೆಕ್ಕಕ್ಕಿಂತ ಭಾರವಾದ ಕಾರಣ, ಆರೂವರೆ ಅಡಿಯಲ್ಲೇ ಉಳಿಯಿತು. ಅದರ ಮೇಲೆ ಎತ್ತರವಾದ ಪಟಸ್ತಂಭಗಳು. ಸ್ವಲ್ಪ ಬಾಗಿದಾಗ ಅದು ಇತರ ಹಡಗುಗಳಷ್ಟೇ ಗಟ್ಟಿಯಾಗಿ ತೋರುತ್ತಿತ್ತು. ಆದರೆ ಡೆಕ್ಕಿನ ಅಂಚು ನೀರಿಗೆ ಇಳಿದ ಮೇಲೆ ಅದನ್ನು ಎತ್ತುವ ಶಕ್ತಿ ಬೆಳೆಯುವ ಬದಲು ಕುಗ್ಗತೊಡಗುತ್ತಿತ್ತು. 21 ಡಿಗ್ರಿ ಬಾಗುವಷ್ಟರಲ್ಲಿ ಅದರ ಶಕ್ತಿಯ ಶಿಖರ ಮುಗಿದಿತ್ತು. ಸೆಪ್ಟೆಂಬರ್ 7ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸ್ಪೇನಿನ ಫಿನಿಸ್ಟೆರ್ ಭೂಶಿರದ ಬಳಿ ಬಿರುಗಾಳಿಯಲ್ಲಿ ಅದು ಮಗುಚಿ ಮುಳುಗಿತು. ಸುಮಾರು 480 ಮಂದಿ ಸತ್ತರು. ಉಳಿದವರು 18 ಮಂದಿ. ಕೋಲ್ಸನೂ ಹೋದನು. ಹಡಗಿನ ಮೇಲಿನ ನಂಬಿಕೆಯಿಂದ ನೌಕಾಮಂತ್ರಿ ಚಿಲ್ಡರ್ಸನು ತನ್ನ ಮಗನನ್ನೂ ಅದರಲ್ಲಿ ಕಳುಹಿಸಿದ್ದನು. ಆ ಹುಡುಗನೂ ಹೋದನು. ಅದೇ ರಾತ್ರಿ ಅದೇ ಗಾಳಿಯಲ್ಲಿದ್ದ, ಎತ್ತರ ಪಕ್ಕಗಳುಳ್ಳ ‘ಮೊನಾರ್ಕ್’ ಸುರಕ್ಷಿತವಾಗಿ ಉಳಿಯಿತು.

ಇಂಥ ದುರಂತ ಗತಕಾಲದ್ದೆಂದು ತಿಳಿಯಬೇಕಾಗಿಲ್ಲ. 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಎಣ್ಣೆಕೆಲಸದವರ ವಸತಿಯಾಗಿದ್ದ ‘ಅಲೆಕ್ಸಾಂಡರ್ ಕೀಲಾಂಡ್’ ಎಂಬ ಐದು ಕಂಬಗಳ ಅರೆಮುಳುಗು ನೌಕೆಯ ಒಂದು ಅಡ್ಡತೊಲೆ, ಬೆಸುಗೆಯಲ್ಲಿದ್ದ ಸಣ್ಣ ಬಿರುಕು ಬೆಳೆದು, ಮುರಿಯಿತು. ಒಂದು ಕಂಬವೇ ಕಳಚಿಹೋಯಿತು. ನೌಕೆ ವಾಲಿ, ಇಪ್ಪತ್ತು ನಿಮಿಷಗಳಷ್ಟರಲ್ಲಿ ಬುಡಮೇಲಾಯಿತು. ಅದರಲ್ಲಿದ್ದ 212 ಮಂದಿಯಲ್ಲಿ 123 ಮಂದಿ ಸತ್ತರು. ಒಂದು ಅಂಗ ಹೋದರೂ ತೇಲುವ ಶಕ್ತಿ ಮಿಕ್ಕಿರಬೇಕೆಂಬ ವಿಧಿ ಅನಂತರ ಬಿಗಿಯಾಯಿತು. ಅಲೆಯಲ್ಲಿ ಅಲುಗದಿರುವುದು ಒಂದು, ಗಾಯಗೊಂಡಾಗ ಮಗುಚದಿರುವುದು ಇನ್ನೊಂದು. ಮೊದಲನೆಯದನ್ನು ಕಂಡು ಎರಡನೆಯದನ್ನು ನಂಬುವುದು ಮನುಷ್ಯನ ಹಳೆಯ ಅಭ್ಯಾಸ.

‘ಕ್ಯಾಪ್ಟನ್’ ಮುಳುಗಿದ ಮೇಲೆ ಯುದ್ಧನೌಕೆಗಳ ವಿನ್ಯಾಸವನ್ನೆಲ್ಲ ಪರಿಶೀಲಿಸಲು ಸಮಿತಿಯೊಂದು ನೇಮಕವಾಯಿತು. ಮುಂದೆ ಭಾರತದ ವೈಸರಾಯಿಯಾಗಿ ಬಂದ ಡಫರಿನ್ ಪ್ರಭುವೇ ಅದರ ಅಧ್ಯಕ್ಷ; ಫ್ರೂಡನು ಅದರ ಸದಸ್ಯರಲ್ಲೊಬ್ಬ. ಅಷ್ಟರಲ್ಲಿ ಈತನ ಇನ್ನೊಂದು ಸಾಹಸಕ್ಕೂ ದಾರಿ ತೆರೆದಿತ್ತು. ಹಡಗನ್ನು ಎಳೆಯಲು ಎಷ್ಟು ಬಲ ಬೇಕೆಂಬುದನ್ನು ಸಣ್ಣ ಮಾದರಿಗಳಿಂದ ಕಂಡುಹಿಡಿಯಬಹುದೇ? ಅನುಭವಿಗಳು ಆಗದೆನ್ನುತ್ತಿದ್ದರು. ‘ಗ್ರೇಟ್ ಈಸ್ಟರ್ನ್’ ಹಡಗನ್ನು ಕಟ್ಟಿದ ಸ್ಕಾಟ್ ರಸೆಲ್ಲನೇ ಇದನ್ನು ವಿನೋದಕ್ಕೆ ತಕ್ಕ ಆಟವೆಂಬಂತೆ ಸಭೆಯಲ್ಲಿ ಹಗುರವಾಗಿ ಕಂಡನು. ಆದರೆ ಫ್ರೂಡನು 1867ರಲ್ಲಿಯೇ ಡಾರ್ಟ್ ನದಿಯಲ್ಲಿ ಮೂರು, ಆರು, ಹನ್ನೆರಡು ಅಡಿಗಳ ಮಾದರಿಗಳನ್ನು ಎಳೆದು ನೋಡಿದ್ದನು. ಮೊಂಡ ಮೂಗಿನದಕ್ಕೆ ‘ಹಂಸ’ ಎಂದೂ ಚೂಪು ಮೂಗಿನದಕ್ಕೆ ‘ಕಾಡುಕಾಗೆ’ ಎಂದೂ ಹೆಸರಿಟ್ಟಿದ್ದನು. ಒಂದು ವೇಗದಲ್ಲಿ ಇದು ಮೇಲು, ಇನ್ನೊಂದು ವೇಗದಲ್ಲಿ ಅದು ಮೇಲು. ಎಲ್ಲ ವೇಗಕ್ಕೂ ಸಲ್ಲುವ ಆದರ್ಶ ಆಕಾರವೆಂಬುದಿಲ್ಲವೆಂದು ಸ್ಪಷ್ಟವಾಯಿತು.

ಆತನು ಕಂಡ ನಿಯಮ ಸರಳವಾದದ್ದು. ಮಾದರಿಯು ಹಡಗಿನ ಹದಿನಾರನೆಯ ಒಂದು ಪಾಲಿನಷ್ಟು ಉದ್ದವಾಗಿದ್ದರೆ ಅದನ್ನು ಹಡಗಿನ ವೇಗದ ನಾಲ್ಕನೆಯ ಒಂದು ಪಾಲಿನಲ್ಲಿ ಎಳೆಯಬೇಕು. ಆಗ ಎರಡೂ ಎಬ್ಬಿಸುವ ಅಲೆಗಳು ಒಂದೇ ಚಿತ್ರದ ದೊಡ್ಡ ಸಣ್ಣ ಪ್ರತಿಗಳಂತಿರುತ್ತವೆ. ನೀರು ಮೈಗೆ ಉಜ್ಜುವುದರಿಂದ ಬರುವ ತಡೆ ಮಾತ್ರ ಈ ನಿಯಮಕ್ಕೆ ಒಳಪಡದು. ಅದನ್ನು ಹಲಗೆಗಳನ್ನು ಎಳೆದು ಬೇರೆಯಾಗಿ ಅಳೆದು ಲೆಕ್ಕದಿಂದ ತೆಗೆಯಬೇಕು. ಇವೆರಡನ್ನು ಬೇರ್ಪಡಿಸಿದ್ದೇ ಆತನ ಜಾಣ್ಮೆ. 1870ರಲ್ಲಿ ನೌಕಾಖಾತೆಯು 2000 ಪೌಂಡುಗಳನ್ನು ಮಂಜೂರು ಮಾಡಿತು. ಟಾರ್ಕಿಯಲ್ಲಿ ತನ್ನ ಮನೆಯ ಬಳಿ ಫ್ರೂಡನು 278 ಅಡಿ ಉದ್ದದ ನೀರಿನ ತೊಟ್ಟಿಯನ್ನು ಕಟ್ಟಿಸಿ, ಮೇಣದ ಮಾದರಿಗಳನ್ನು ಎರಕಹೊಯ್ದು, ಅವುಗಳನ್ನು ಕೊರೆಯುವ, ಎಳೆಯುವ, ಅಳೆಯುವ ಯಂತ್ರಗಳನ್ನು ತಾನೇ ರಚಿಸಿದನು. ಸಂಬಳವನ್ನು ತೆಗೆದುಕೊಳ್ಳಲಿಲ್ಲ. 1871ರಲ್ಲಿ ‘ಗ್ರೇಹೌಂಡ್’ ಎಂಬ ನಿಜವಾದ ಹಡಗನ್ನೇ ಇನ್ನೊಂದು ಹಡಗಿನಿಂದ ಎಳೆಯಿಸಿ ಬಲವನ್ನು ಅಳೆದನು. ಮಾದರಿಯ ಲೆಕ್ಕ ಅದಕ್ಕೆ ಹೊಂದಿತು. ಮರುವರ್ಷ ಅದೇ ಹಡಗಿನ ತಳದ ಎರಡು ಪಕ್ಕಗಳಿಗೆ ಹಲಗೆಗಳನ್ನು ರೆಕ್ಕೆಗಳಂತೆ ಜೋಡಿಸಿ, ಹಲಗೆಯಿಲ್ಲದ ‘ಪರ್ಸಿಯಸ್’ ಹಡಗಿನ ಜೊತೆಯಲ್ಲಿ ಕಡಲಿಗೆ ಬಿಟ್ಟನು. ರೆಕ್ಕೆಯಿದ್ದ ಹಡಗಿನ ಓಲಾಟ ಸುಮಾರು ಅರ್ಧಕ್ಕೆ ಇಳಿಯಿತು.

ಅದೇ 1870ರಲ್ಲಿ ನ್ಯೂಮನ್ನನು ನಂಬಿಕೆಯ ಸ್ವರೂಪವನ್ನು ಕುರಿತ ತನ್ನ ಮಹಾಗ್ರಂಥವನ್ನು ಪ್ರಕಟಿಸಿದನು. ಆ ಗ್ರಂಥದ ಹಿಂದೆ ಫ್ರೂಡನ ಕಾಗದಗಳಿವೆಯೆಂಬುದು ವಿಮರ್ಶಕರು ಒಪ್ಪಿದ ವಿಷಯ. ಮನುಷ್ಯನ ಮನಸ್ಸು ತಲಪುವ ಯಾವ ತೀರ್ಮಾನವೂ ಸಂಶಯಕ್ಕೆ ಅತೀತವಾದುದಲ್ಲ, ಎಷ್ಟೇ ದೃಢವಾಗಿ ತೋರಿದರೂ ಅದನ್ನು ಮರುಪರೀಕ್ಷೆಗೆ ತೆರೆದಿಡುವುದು ಧರ್ಮ ಎಂದು ಫ್ರೂಡನ ವಾದ. ಅನೇಕ ಸಂಭವಗಳು ಕೂಡಿ ಬಂದು ಮನಸ್ಸಿಗೆ ನಿಶ್ಚಯವನ್ನು ಕೊಡಬಲ್ಲವು, ಆ ನಿಶ್ಚಯದ ಮೇಲೆ ಬಾಳನ್ನಿಡುವುದು ನ್ಯಾಯವೇ ಎಂದು ನ್ಯೂಮನ್ನನ ವಾದ. ಇದು ಕೇವಲ ಪಂಡಿತರ ಚರ್ಚೆಯಾಗಿರಲಿಲ್ಲ. ಅಣ್ಣ ಹರೆಲನು 1836ರಲ್ಲಿಯೇ ಕ್ಷಯದಿಂದ ತೀರಿಕೊಂಡಿದ್ದನು. ತಮ್ಮ ಆಂಟನಿಯು ಶ್ರದ್ಧೆಯನ್ನು ಕಳೆದುಕೊಂಡ ಒಬ್ಬನ ಕಥೆಯನ್ನು 1849ರಲ್ಲಿ ಪ್ರಕಟಿಸಿ ಆಕ್ಸ್‌ಫರ್ಡಿನ ಸ್ಥಾನವನ್ನು ಬಿಟ್ಟನು. ನ್ಯೂಮನ್ನನು ಆ ಹೊತ್ತಿಗಾಗಲೇ ಕ್ಯಾಥೊಲಿಕನಾಗಿದ್ದನು. 1857ರಲ್ಲಿ ಕ್ಯಾಥರಿನ್ನಳೂ ಅದೇ ಮತವನ್ನು ಸೇರಿದಳು. ಮಕ್ಕಳಲ್ಲಿ ಹೆಚ್ಚಿನವರು ತಾಯಿಯ ಹಿಂದೆ ಹೋದರು. ಮನೆಯ ಯಜಮಾನನೊಬ್ಬನೇ ಹೊರಗುಳಿದನು. ಆದರೆ ಮನೆ ಒಡೆಯಲಿಲ್ಲ, ನ್ಯೂಮನ್ನನಿಗೆ ಬರೆಯುವುದೂ ನಿಲ್ಲಲಿಲ್ಲ. ತನ್ನ ಮನೆಯವರನ್ನೆಲ್ಲ ಒಲಿಸಿಕೊಂಡ ಗೆಳೆಯನನ್ನು ಇಷ್ಟು ವರ್ಷ ಪ್ರೀತಿಯಿಂದ ಕಾಣುವುದು ಎಂಥ ಮನಸ್ಸಿನವರಿಗೆ ಸಾಧ್ಯವಾದೀತು! ನನಗೆ ಆತನ ತೊಟ್ಟಿಗಿಂತಲೂ ಇದು ದೊಡ್ಡದಾಗಿ ಕಾಣುತ್ತದೆ. ವಿಜ್ಞಾನದವರು ಒಪ್ಪಲಿಕ್ಕಿಲ್ಲ.

1878ರಲ್ಲಿ ಕ್ಯಾಥರಿನ್ನಳು ತೀರಿಕೊಂಡಳು. ಬಳಲಿದ್ದ ಫ್ರೂಡನನ್ನು ನೌಕಾಖಾತೆಯು ತನ್ನ ಅತಿಥಿಯಾಗಿ ‘ಬೋಡಿಸಿಯ’ ಹಡಗಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಕಳುಹಿಸಿತು. ಹಿಂದಿರುಗುವ ಮೊದಲೇ ಸೈಮನ್ಸ್‌ಟೌನಿನಲ್ಲಿ ಆಮಶಂಕೆಯು ತಗಲಿ, 1879ರ ಮೇ 4ರಂದು ಆತನು ಮರಣ ಹೊಂದಿದನು. ನೌಕಾಪಡೆಯ ಗೌರವಗಳೊಡನೆ ಅಲ್ಲಿಯೇ ಸಮಾಧಿಯಾಯಿತು. ತೊಟ್ಟಿಯ ಕೆಲಸವನ್ನು ಮಗ ಎಡ್ಮಂಡನು ವಹಿಸಿಕೊಂಡನು; 1880ರ ದಶಕದಲ್ಲಿ ಅದು ಹ್ಯಾಸ್ಲರಿನ ಹೊಸ ತೊಟ್ಟಿಗೆ ಸ್ಥಳಾಂತರವಾಯಿತು.

ಆ ಏಪ್ರಿಲ್ ತಿಂಗಳ ಕೊನೆಯಲ್ಲಿ ನ್ಯೂಮನ್ನನು ಕಾರ್ಡಿನಲ್ ಪದವಿಯನ್ನು ಸ್ವೀಕರಿಸಲು ರೋಮಿಗೆ ಬಂದಿದ್ದನು. ಎಪ್ಪತ್ತೆಂಟರ ವಯಸ್ಸು, ಮೈಯಲ್ಲಿ ಅಸ್ವಾಸ್ಥ್ಯ. ಆದರೂ ಫ್ರೂಡನ ಹಳೆಯ ಪ್ರಶ್ನೆಗೆ, ಮನಸ್ಸಿಗೆ ನಿಶ್ಚಯವೆಂಬುದು ದೊರೆಯಬಲ್ಲುದೇ ಎಂಬುದಕ್ಕೆ, ಅಲ್ಲಿಂದಲೇ ದೀರ್ಘವಾದ ಉತ್ತರವನ್ನು ಬರೆಯತೊಡಗಿದನು. ಆ ಕಾಗದವು ಫ್ರೂಡನ ಕೈ ಸೇರಲಿಲ್ಲ.